ಇಂಗ್ಲಿಷ್ ವಿಭಾಗದ ‘ವರ್ಷದ ಸಾಧನೆ’: ಪಟ್ಟಿಯಲ್ಲಿ ಏನಿರುತ್ತೆ, ನೀವು ಏನು ನೋಡಬೇಕು?

ಮೈಸೂರು: ಶೈಕ್ಷಣಿಕ ವರ್ಷ ಮುಗಿಯುವ ಹೊತ್ತಿಗೆ ವಿಶ್ವವಿದ್ಯಾಲಯದ ಪ್ರತಿ ವಿಭಾಗವೂ ತನ್ನ ಸಾಧನೆಯ ಪಟ್ಟಿ ಸಿದ್ಧಪಡಿಸುತ್ತೆ. ಎಷ್ಟು ಮಂದಿಗೆ ಪಿಎಚ್.ಡಿ. ಸಿಕ್ಕಿತು, ಎಷ್ಟು ಮಂದಿ ನೆಟ್ ಪಾಸಾದ್ರು, ಎಷ್ಟು ವಿಚಾರ ಸಂಕಿರಣ ನಡೀತು, ಎಷ್ಟು ಲೇಖನ ಪ್ರಕಟವಾಯ್ತು ಅನ್ನೋ ಲೆಕ್ಕ ಅದರಲ್ಲಿರುತ್ತೆ. ಈ ಮಾಹಿತಿಯೇ ಮುಂದೆ ನ್ಯಾಕ್‌ಗೆ ಕಳಿಸುವ ವಾರ್ಷಿಕ ಗುಣಮಟ್ಟ ವರದಿಗೂ ಹೋಗುತ್ತೆ. ಎಂ.ಎ. ಇಂಗ್ಲಿಷ್ ಸೇರಬೇಕು ಅಂದುಕೊಂಡಿರುವ ಹುಣಸೂರು, ನಂಜನಗೂಡು, ಎಚ್.ಡಿ.ಕೋಟೆ ಕಡೆಯ ವಿದ್ಯಾರ್ಥಿಗಳಿಗೆ, ಅವರ ಮನೆಯವರಿಗೆ ಈ ಪಟ್ಟಿ ಓದುವುದು ಹೇಗೆ ಅನ್ನೋದು ಗೊತ್ತಿರಬೇಕು. ಎರಡು ವರ್ಷದ ಓದು, ಹಾಸ್ಟೆಲ್ ಖರ್ಚು, ಮನೆಯವರ ನಿರೀಕ್ಷೆ ಎಲ್ಲವೂ ಇದರ ಮೇಲೆ ನಿಂತಿರುತ್ತೆ.

ನೆಟ್ ಮತ್ತು ಕೆ-ಸೆಟ್

ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳೋದು ಇದೇ. ಯುಜಿಸಿ-ನೆಟ್ ಪರೀಕ್ಷೆಯನ್ನು 2018ರ ಡಿಸೆಂಬರ್‌ನಿಂದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುತ್ತಿದೆ. ಜೂನ್ ಮತ್ತು ಡಿಸೆಂಬರ್ ಹೆಸರಲ್ಲಿ ವರ್ಷಕ್ಕೆ ಎರಡು ಸಲ ನಡೆಯುತ್ತೆ. ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ. ಎರಡನೆಯದು ಇಂಗ್ಲಿಷ್ ವಿಷಯದ್ದು, 100 ಪ್ರಶ್ನೆ, 200 ಅಂಕ. ಎರಡಕ್ಕೂ ಸೇರಿ ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ.

ಎಂ.ಎ.ಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 55, ಮೀಸಲು ವರ್ಗದವರಿಗೆ ಶೇ 50 ಅಂಕ ಇರಬೇಕು. ಸಹಾಯಕ ಪ್ರಾಧ್ಯಾಪಕ ಅರ್ಹತೆ ಸಿಗೋದು ಪರೀಕ್ಷೆ ಬರೆದವರಲ್ಲಿ ಸುಮಾರು ಶೇ 6ರಷ್ಟು ಮಂದಿಗೆ ಮಾತ್ರ. ಹಾಗಾಗಿ ಒಂದು ವಿಭಾಗದಿಂದ ವರ್ಷಕ್ಕೆ ಮೂರ್ನಾಲ್ಕು ಜನ ಪಾಸಾದ್ರೂ ಅದು ಸಣ್ಣ ಸಂಗತಿ ಅಲ್ಲ. ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ. ಫೆಲೋಶಿಪ್ ಬರುತ್ತೆ. 2024ರಿಂದ ನೆಟ್ ಅಂಕಗಳನ್ನೇ ಪಿಎಚ್.ಡಿ. ಪ್ರವೇಶಕ್ಕೂ ಪರಿಗಣಿಸುವ ವ್ಯವಸ್ಥೆ ಬಂದಿದೆ. ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತೆ ಅನ್ನೋದು ನೆನಪಿರಲಿ.

ಕೆ-ಸೆಟ್ ನಮ್ಮ ರಾಜ್ಯದ ಮಟ್ಟದ್ದು. ಹಿಂದೆ ಮೈಸೂರು ವಿಶ್ವವಿದ್ಯಾಲಯವೇ ನಡೆಸುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುತ್ತೆ. ಇದರ ಅರ್ಹತೆ ರಾಜ್ಯದ ಒಳಗಿನ ಕಾಲೇಜು, ವಿಶ್ವವಿದ್ಯಾಲಯಗಳಿಗೆ. ನೆಟ್ ಆದರೆ ದೇಶದ ಎಲ್ಲೆಡೆ ನಡೆಯುತ್ತೆ.

ಪಟ್ಟಿ ನೋಡುವಾಗ ಒಂದು ಪ್ರಶ್ನೆ ಕೇಳಿ: ಪಾಸಾದವರು ಆ ವರ್ಷ ಓದುತ್ತಿದ್ದ ವಿದ್ಯಾರ್ಥಿಗಳಾ, ಇಲ್ಲಾ ಐದಾರು ವರ್ಷದ ಹಿಂದೆ ಓದಿ ಹೋದವರಾ? ಎರಡೂ ಹೆಮ್ಮೆಯ ವಿಷಯವೇ. ಆದರೆ ನಿಮಗೆ ಬೇಕಾಗಿರೋದು ಮೊದಲನೆಯದರ ಲೆಕ್ಕ.

ಪಿಎಚ್.ಡಿ. ಮತ್ತು ಲೇಖನಗಳು

ಪಿಎಚ್.ಡಿ. ಪ್ರಬಂಧಗಳನ್ನು ‘ಶೋಧಗಂಗಾ’ ಅನ್ನೋ ಜಾಲತಾಣಕ್ಕೆ ಹಾಕಲಾಗುತ್ತೆ. ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ವಿಭಾಗದಲ್ಲಿ ನಿಜವಾಗಿ ಯಾವ ಕೆಲಸ ನಡೀತಿದೆ ಅಂತ ತಿಳಿಯೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಎರಡು ಮೂರು ಪ್ರಬಂಧದ ಮುನ್ನುಡಿ ಓದಿದರೆ ಸಾಕು, ಅಂದಾಜು ಸಿಗುತ್ತೆ.

ಲೇಖನಗಳ ಸಂಖ್ಯೆ ವಿಚಾರದಲ್ಲಿ ಹುಷಾರಾಗಿರಬೇಕು. ಯಾವ ಪತ್ರಿಕೆ ಒಪ್ಪತಕ್ಕದ್ದು ಅಂತ ಹೇಳುತ್ತಿದ್ದ ‘ಯುಜಿಸಿ-ಕೇರ್’ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಡಲಾಯಿತು. ಈಗ ಪತ್ರಿಕೆಯ ಗುಣಮಟ್ಟ ಅಳೆಯುವ ಹೊಣೆ ಆಯಾ ಸಂಸ್ಥೆಯದ್ದೇ. ಕೇವಲ ‘30 ಲೇಖನ’ ಅಂದ್ರೆ ಏನೂ ಹೇಳಿದ ಹಾಗಾಗೋದಿಲ್ಲ. ಎಲ್ಲಿ ಬಂತು, ಯಾವ ವಿಷಯದ ಮೇಲೆ ಅನ್ನೋದು ಮುಖ್ಯ.

ಲೆಕ್ಕಕ್ಕೆ ಸಿಗದ ಸಾಧನೆ

ಇಷ್ಟೆಲ್ಲಾ ಲೆಕ್ಕ ಹಾಕಿದ ಮೇಲೂ ಪಟ್ಟಿಗೆ ಸಿಗದೆ ಉಳಿಯೋದು ಬಹಳ ಇರುತ್ತೆ. ಇದಕ್ಕೆ ನಮ್ಮ ಮೈಸೂರಿನ ಇಂಗ್ಲಿಷ್ ವಿಭಾಗಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಆರಂಭವಾದಾಗ ಇಂಗ್ಲಿಷ್ ಪಾಠ ನಡೆಯುತ್ತಿದ್ದದ್ದು ಮಹಾರಾಜ ಕಾಲೇಜಿನಲ್ಲಿ. ಅಲ್ಲಿಂದ ಕೆಲವು ಇಸವಿಗಳು:

1926: ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ.ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ವಿಸ್ತೃತ ರೂಪದಲ್ಲಿ ಪ್ರಕಟ. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದ ಈ ಪುಸ್ತಕದಿಂದ ಹೊಸಗನ್ನಡ ಕಾವ್ಯಕ್ಕೆ ಬೇರೆ ದಾರಿಯೇ ಸಿಕ್ಕಿತು. 1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಇಂಗ್ಲಿಷ್ ಮೇಷ್ಟ್ರು ಕನ್ನಡದ ಸಮ್ಮೇಳನಕ್ಕೆ!

1952: ಪ್ರೊ. ಸಿ.ಡಿ.ನರಸಿಂಹಯ್ಯ ‘ದಿ ಲಿಟರರಿ ಕ್ರೈಟೀರಿಯನ್’ ಪತ್ರಿಕೆ ಆರಂಭಿಸಿದರು. ಕೇಂಬ್ರಿಜ್‌ನಲ್ಲಿ ಓದಿ ಬಂದ ಅವರು ಭಾರತೀಯರು ಬರೆದ ಇಂಗ್ಲಿಷ್ ಸಾಹಿತ್ಯವನ್ನು, ಕಾಮನ್‌ವೆಲ್ತ್ ದೇಶಗಳ ಸಾಹಿತ್ಯವನ್ನು ತರಗತಿಗೆ ತಂದವರಲ್ಲಿ ಮೊದಲಿಗರು. 1979ರಲ್ಲಿ ಮೈಸೂರಿನಲ್ಲೇ ‘ಧ್ವನ್ಯಾಲೋಕ’ ಕಟ್ಟಿದರು. 1990ರಲ್ಲಿ ಪದ್ಮಭೂಷಣ ಬಂತು.

1965-66: ಇಲ್ಲೇ ಎಂ.ಎ. ಮಾಡಿದ್ದ ಯು.ಆರ್.ಅನಂತಮೂರ್ತಿ ಅವರ ‘ಸಂಸ್ಕಾರ’ ಕಾದಂಬರಿ ಪ್ರಕಟ. ಮರುವರ್ಷ ಅವರಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. 1970ರಲ್ಲಿ ವಿಭಾಗದ ಅಧ್ಯಾಪಕರಾದ ಅವರು 1987ರಲ್ಲಿ ಕೊಟ್ಟಾಯಂನ ಮಹಾತ್ಮಗಾಂಧಿ ವಿಶ್ವವಿದ್ಯಾಲಯದ ಕುಲಪತಿಯಾಗಿ ಹೋದರು. 1994ರಲ್ಲಿ ಜ್ಞಾನಪೀಠ.

1976: ‘ಸಂಸ್ಕಾರ’ ಇಂಗ್ಲಿಷ್‌ಗೆ ಬಂತು. ಅನುವಾದಿಸಿದವರು ಎ.ಕೆ.ರಾಮಾನುಜನ್. ಮೈಸೂರಿನಲ್ಲೇ ಹುಟ್ಟಿ, ಇಲ್ಲೇ ಇಂಗ್ಲಿಷ್ ಎಂ.ಎ. ಮುಗಿಸಿ ಷಿಕಾಗೋ ಸೇರಿದವರು. ವಚನಗಳನ್ನು ‘ಸ್ಪೀಕಿಂಗ್ ಆಫ್ ಶಿವ’ (1973) ಮೂಲಕ ಜಗತ್ತಿಗೆ ಮುಟ್ಟಿಸಿದವರೂ ಅವರೇ.

ಇವುಗಳ ಜೊತೆ ಪಿ.ಲಂಕೇಶ್ ಅವರ ಹೆಸರನ್ನೂ ಸೇರಿಸಿ. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಇಂಗ್ಲಿಷ್ ಮೇಷ್ಟ್ರಾಗಿ, ಕೊನೆಗೆ 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರು ಮಾಡಿದವರು.

ಈಗಿನ ಮಾದರಿಯ ಪಟ್ಟಿಯಲ್ಲಿ ಇವುಗಳನ್ನು ಯಾವ ಕಾಲಂಗೆ ಹಾಕೋದು? ‘ಇಂಗ್ಲಿಷ್ ಗೀತಗಳು’ ಸಂಶೋಧನಾ ಲೇಖನ ಅಲ್ಲ. ‘ಸಂಸ್ಕಾರ’ ಇಂಗ್ಲಿಷ್ ಪುಸ್ತಕವೇ ಅಲ್ಲ. ಆದರೂ ಈ ವಿಭಾಗದ ಹೆಸರು ಇವತ್ತಿಗೂ ಉಳಿದಿರೋದು ಇಂಥ ಪುಸ್ತಕಗಳಿಂದ. ಇಂಗ್ಲಿಷ್ ಓದಿದವರು ಕನ್ನಡಕ್ಕೆ ವಾಪಸ್ ಏನು ತಂದರು ಅನ್ನೋದೇ ಇಲ್ಲಿನ ದೊಡ್ಡ ಸಾಧನೆ. ಅದು ಯಾವುದೇ ಒಂದು ವರ್ಷದಲ್ಲಿ ಆಗಿದ್ದಲ್ಲ.

ಸೇರುವ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಹಾಗಂತ ಪಟ್ಟಿ ಬೇಡ ಅಂತಲ್ಲ. ಹಳೆಯ ದೊಡ್ಡ ಹೆಸರುಗಳಿಂದ ಇವತ್ತಿನ ವಿದ್ಯಾರ್ಥಿಯ ಹೊಟ್ಟೆ ತುಂಬೋದಿಲ್ಲ. ಯಾವುದೇ ವಿಶ್ವವಿದ್ಯಾಲಯ ಇರಲಿ, ವಿಭಾಗಕ್ಕೆ ಹೋದಾಗ ಇಷ್ಟು ಕೇಳಿ:

* ಮೊದಲ ಸೆಮಿಸ್ಟರ್‌ಗೆ ಸೇರಿದವರಲ್ಲಿ ಎಷ್ಟು ಮಂದಿ ನಾಲ್ಕನೇ ಸೆಮಿಸ್ಟರ್ ಮುಗಿಸಿದರು? ನಡುವೆ ಬಿಟ್ಟವರು ಯಾಕೆ ಬಿಟ್ಟರು?
* ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು?
* ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಆರು ತಿಂಗಳು ಪ್ರತ್ಯೇಕ ತರಗತಿ ಉಂಟಾ?
* ನೆಟ್, ಕೆ-ಸೆಟ್ ತಯಾರಿ ವಿಭಾಗದಲ್ಲೇ ನಡೆಯುತ್ತಾ? ಅದಕ್ಕೆ ಬೇರೆ ಶುಲ್ಕ ಇದೆಯಾ?
* ಕನ್ನಡದಿಂದ ಇಂಗ್ಲಿಷ್‌ಗೆ, ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ ಮಾಡುವುದು ಪಠ್ಯದಲ್ಲಿದೆಯಾ?
* ಗ್ರಂಥಾಲಯ ಸಂಜೆ ಎಷ್ಟು ಗಂಟೆವರೆಗೆ ತೆರೆದಿರುತ್ತೆ? ಊರಿಂದ ಬಸ್ಸಲ್ಲಿ ಓಡಾಡುವವರಿಗೆ ಇದು ದೊಡ್ಡ ವಿಷಯ.

ಇದರಲ್ಲಿ ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿ, ಮನೆಯಲ್ಲಿ ಮೊದಲ ಬಾರಿಗೆ ಎಂ.ಎ. ಮೆಟ್ಟಿಲು ಹತ್ತಿದ ಹುಡುಗಿ ತರಗತಿಯಲ್ಲಿ ಎದ್ದು ನಿಂತು ಇಂಗ್ಲಿಷ್‌ನಲ್ಲಿ ಒಂದು ಪ್ರಶ್ನೆ ಕೇಳುವಷ್ಟು ಧೈರ್ಯ ಪಡೆದಳಾ ಅನ್ನೋದನ್ನು ಯಾವ ವರದಿಯೂ ಬರೆಯೋದಿಲ್ಲ. ಅವಳು ನಡುವೆ ಬಿಡದೆ ಓದು ಮುಗಿಸಿದಳಾ ಅನ್ನೋದನ್ನಾದರೂ ಬರೆಯಬಹುದು. ವರ್ಷದ ಸಾಧನೆಯ ಪಟ್ಟಿಯಲ್ಲಿ ಆ ಒಂದು ಅಂಕಿ ಮೊದಲ ಸಾಲಿನಲ್ಲೇ ಇದ್ದರೆ ಆ ವಿಭಾಗವನ್ನು ನಂಬಿ ಮಕ್ಕಳನ್ನು ಕಳಿಸಬಹುದು.