ಒಡೆಯನ ಬಿರುದು, ಹೆಂಗಸರ ಹೆಸರು

ಸಿದ್ದಿ

ಸಿ.ವಿ. ರಾಮನ್ ನಗರದ ಓದುಗರೊಬ್ಬರು ಕೌದಿ ಪ್ರದರ್ಶನವೊಂದರ ಕರಪತ್ರದಲ್ಲಿ ‘ಸಿದ್ಧಿ ಮಹಿಳೆಯರು’ ಎಂದಿದ್ದುದನ್ನು ಕಂಡು, ಇದು ಸರಿಯೇ ಎಂದು ಕೇಳಿದ್ದಾರೆ. ಸರಿಯಲ್ಲ, ‘ಸಿದ್ದಿ’ ಎಂದೇ ಬರೆಯಬೇಕು. ಸಂಸ್ಕೃತದ ಸಿದ್ಧಿಗೂ ಆಫ್ರಿಕಾ ಮೂಲದ ಈ ಸಮುದಾಯದ ಹೆಸರಿಗೂ ನಂಟಿಲ್ಲ.

ಅರಬ್ಬಿಯ ಸಯ್ಯಿದ್ ಎಂದರೆ ಒಡೆಯ. ‘ನನ್ನ ಒಡೆಯ’ ಎಂಬ ಸಯ್ಯಿದಿ ಆಡುಮಾತಿನಲ್ಲಿ ಸೀದಿ ಆಯಿತು, ಅದರಿಂದ ನಮ್ಮ ಸಿದ್ದಿ ಎಂಬುದು ಹೆಚ್ಚಿನವರು ಒಪ್ಪುವ ವ್ಯುತ್ಪತ್ತಿ. ಮೊರಾಕ್ಕೊದಲ್ಲಿ ಸೀದಿ ಇಂದಿಗೂ ಗೌರವದ ಕರೆ; ಸ್ಪೇನಿನ ವೀರ ಎಲ್ ಸಿದ್‌ನ ಬಿರುದೂ ಇದೇ ಬೇರಿನದು. ಜಂಜೀರಾ ಕೋಟೆಯನ್ನು ಆಳಿದ ಆಫ್ರಿಕಾ ಮೂಲದ ನಾಯಕರಿಗೂ ಇದು ಬಿರುದಾಗಿತ್ತು. ಹಬಶಿ ಎಂಬ ಇನ್ನೊಂದು ಹೆಸರು ಅಬಿಸೀನಿಯಕ್ಕೆ ಅರಬ್ಬರು ಇಟ್ಟ ಹಬಶ್‌ನಿಂದ ಬಂತು.

ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಅವರ ಸಂತತಿಗೆ ಉಳಿದದ್ದು ಒಡೆಯ ಎಂಬರ್ಥದ ಈ ಪದವೇ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಗಂಡಸರ ಬಿರುದಾಗಿದ್ದ ಪದ ಈಗ ರಂಗಕರ್ಮಿ, ಗಾಯಕಿ ಗಿರಿಜಾ ಸಿದ್ದಿಯವರ ಹೆಸರಿನಲ್ಲಿದೆ. ಈ ಪಲ್ಲಟ ನನಗೆ ಬಹಳ ಮುಖ್ಯವೆನಿಸುತ್ತದೆ.

ಕೌದಿಯೂ ಹೆಂಗಸರದೇ ಕಲೆ. ಹಳೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಸುತ್ತುತ್ತ ನಡುವಿನವರೆಗೆ ಹೊಲಿಯುತ್ತಾರೆ. ಮೂಲೆಗಳಿಗೆ ಮಡಿಸಿ ಕೂರಿಸುವ ತುಂಡಿಗೆ ‘ಫೂಲ’ ಎನ್ನುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಮುಂದಿನ ಕರಪತ್ರದಲ್ಲಾದರೂ ಹೊಲಿದವರ ಹೆಸರು ಸರಿಯಾಗಿ ಅಚ್ಚಾಗಲಿ.