ಗೋದಾಮಿನ ಸರಕು ಲಿಫ್ಟ್

ಬಹುಮಹಡಿ ಗೋದಾಮು, ಕಾರ್ಖಾನೆ, ಅಂಗಡಿಗಳಲ್ಲಿ ಮೂಟೆ, ಪೀಪಾಯಿ, ಬೇಲು, ಪೆಟ್ಟಿಗೆಗಳನ್ನು ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಸಾಗಿಸುವ ಯಂತ್ರ. ಪೇಟೆಯಲ್ಲಿ ಇದು ಗೂಡ್ಸ್ ಲಿಫ್ಟ್. ಭಾರತದ 1948ರ ಕಾರ್ಖಾನೆ ಕಾಯಿದೆ ಇದಕ್ಕೆ ಕೊಟ್ಟಿದ್ದ ಲಕ್ಷಣ ಚಿಕ್ಕದಾದರೂ ಚೊಕ್ಕವಾಗಿತ್ತು: ಹೊರೆ ಇಡಲು ಒಂದು ಹಲಗೆಯೋ ಪಂಜರವೋ ಇರಬೇಕು, ಅದು ಅತ್ತಿತ್ತ ಸರಿಯದಂತೆ ಹಳಿ ಹಿಡಿದೇ ಚಲಿಸಬೇಕು. ಇವೆರಡಿಲ್ಲದ್ದು ಕ್ರೇನೋ ರಾಟೆಯೋ ಆದೀತು, ಲಿಫ್ಟ್ ಎನಿಸಿಕೊಳ್ಳದು.

ಭಾರ ಎತ್ತುವ ವಿದ್ಯೆ ಬಹಳ ಹಳೆಯದು. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ಹತ್ತನೆಯ ಭಾಗದಲ್ಲಿ ಮೂರು, ಐದು ರಾಟೆಗಳ ಎತ್ತುಯಂತ್ರಗಳನ್ನು ವಿವರಿಸಿದ್ದಾನೆ. ಗೋದಾಮಿನವರನ್ನು ಕಾಡಿದ್ದು ಎತ್ತುವ ಕೆಲಸವಲ್ಲ. ಎತ್ತಿದ್ದನ್ನು ಮಹಡಿಯ ನೆಲಕ್ಕೆ ಸಮನಾಗಿ ನಿಲ್ಲಿಸುವುದು ಹೇಗೆ, ಬೇಗ ತುಂಬಿ ಬೇಗ ಖಾಲಿ ಮಾಡುವುದು ಹೇಗೆ, ಹಗ್ಗ ಹರಿದರೆ ಏನು ಗತಿ ಎಂಬವೇ ಅವರ ತಲೆನೋವುಗಳು. ಸರಕು ಲಿಫ್ಟಿನ ಚರಿತ್ರೆಯಲ್ಲಿ ಹೊಸದೆನಿಸುವ ಪ್ರತಿಯೊಂದೂ ಇವುಗಳಲ್ಲಿ ಒಂದಕ್ಕೆ ಸಿಕ್ಕ ಉತ್ತರ.

ತೊಲೆ, ರಾಟೆ, ಗಿರಣಿ

ಹಳಿ ಹಿಡಿದು ಚಲಿಸುವ ಪಂಜರವೇ ಲಿಫ್ಟ್ ಎನ್ನುವುದಾದರೆ, ರೋಮಿನ ಕೊಲೋಸಿಯಂನ ನೆಲದಡಿಯಲ್ಲಿ ಡೊಮಿಷಿಯನ್ ದೊರೆಯ ಕಾಲದಿಂದ ಇದ್ದ ಎತ್ತುಯಂತ್ರಗಳನ್ನು ಅದರ ಪೂರ್ವಜರೆನ್ನಬಹುದು. ಆಳುಗಳು ಕೆಳಗೆ ನಿಂತು ಚಕ್ರ ತಿರುಗಿಸಿದರೆ ಕಾಡುಮೃಗಗಳ ಬೋನು ಅಖಾಡದ ಮಟ್ಟಕ್ಕೆ ಏರುತ್ತಿತ್ತು. ಇದರಿಂದ ವ್ಯಾಪಾರಕ್ಕೆ ಆದ ಉಪಯೋಗ ಏನೂ ಇಲ್ಲ.

ವ್ಯಾಪಾರದ ಸರಕು ಮೇಲೇರಿದ್ದು ಗೋಡೆಯ ಹೊರಗಿನಿಂದ. ಹದಿನೇಳನೆಯ ಶತಮಾನದ ಆಮ್‌ಸ್ಟರ್‌ಡ್ಯಾಮಿನಲ್ಲಿ ಕಾಲುವೆಯಂಚಿನ ಜಾಗ ದುಬಾರಿ. ಮನೆಗಳ ಅಗಲ ಕಿರಿದು, ಎತ್ತರ ಹೆಚ್ಚು, ಮೆಟ್ಟಿಲುಗಳು ಏಣಿಯಷ್ಟೇ ಕಡಿದು. ಸಂಬಾರ ಪದಾರ್ಥ, ಧಾನ್ಯ, ಬಟ್ಟೆಗಳನ್ನು ಅಟ್ಟದಲ್ಲಿಡುತ್ತಿದ್ದ ವರ್ತಕರು ಮನೆಯ ನೆತ್ತಿಯಿಂದ ಬೀದಿಯ ಕಡೆಗೆ ಒಂದು ತೊಲೆ ಚಾಚಿ, ತುದಿಗೆ ಕೊಕ್ಕೆ ಹಾಕಿ, ರಾಟೆ ಕಟ್ಟಿ ಎಳೆಯುತ್ತಿದ್ದರು. ಮೂಟೆ ಕಿಟಕಿಗೆ ಬಡಿಯಬಾರದೆಂದು ಎಷ್ಟೋ ಮನೆಗಳ ಮುಂಗೋಡೆಯನ್ನು ಬೇಕೆಂದೇ ಮುಂದಕ್ಕೆ ಬಾಗಿಸಿ ಕಟ್ಟಿದ್ದಾರೆ. ಆ ತೊಲೆಗಳು ಈಗಲೂ ಇವೆ. ಮನೆ ಬದಲಾಯಿಸುವವರು ಸೋಫಾ, ಪಿಯಾನೋಗಳನ್ನು ಅವುಗಳಿಂದಲೇ ಎತ್ತುತ್ತಾರೆ.

ಸರಕು ಕಟ್ಟಡದ ಒಳಗಿನಿಂದ ಏರಿದ್ದು ಹಿಟ್ಟಿನ ಗಿರಣಿಗಳಲ್ಲಿ. ಗಾಳಿ ಅಥವಾ ನೀರಿನಿಂದ ತಿರುಗುವ ಮುಖ್ಯ ದಂಡಕ್ಕೆ ಸಡಿಲವಾಗಿ ಒಂದು ಪಟ್ಟಿ ಸುತ್ತಿರುತ್ತಿತ್ತು. ಕೆಳಗಿದ್ದವನು ದಾರ ಜಗ್ಗಿದರೆ ಪಟ್ಟಿ ಬಿಗಿದು ಚೀಲ ಏರುತ್ತಿತ್ತು, ದಾರ ಬಿಟ್ಟರೆ ನಿಲ್ಲುತ್ತಿತ್ತು. ಪ್ರತಿ ಅಂತಸ್ತಿನ ನೆಲದಲ್ಲೂ ಎರಡು ರೆಕ್ಕೆಯ ಕದ. ಏರುವ ಚೀಲ ತಲೆಯಿಂದ ತಳ್ಳಿದರೆ ಕದ ಮೇಲಕ್ಕೆ ತೆರೆದುಕೊಂಡು, ಚೀಲ ದಾಟಿದ ಮೇಲೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಮುಚ್ಚಿದ ಕದದ ಮೇಲೆಯೇ ಚೀಲ ಇಳಿಸಿದರಾಯಿತು: ನಿಲ್ಲಿಸುವ ಪ್ರಶ್ನೆಗೂ ಉತ್ತರ ಸಿಕ್ಕಿತು, ಯಾರೂ ತೂತಿನೊಳಗೆ ಬೀಳದಂತೆಯೂ ಆಯಿತು. ಮುಂದಿನ ಎಷ್ಟೋ ಭಾರಿ ಯಂತ್ರಗಳಲ್ಲಿ ಈ ಜಾಣ್ಮೆ ಕಾಣದು.

ಇಂಗ್ಲೆಂಡಿನ ಹತ್ತಿ ಗಿರಣಿಗಳು ಇದನ್ನೇ ದೊಡ್ಡದು ಮಾಡಿದವು. ಆಂಡ್ರ್ಯೂ ಯೂರ್ 1835ರಲ್ಲಿ ಪ್ರಕಟಿಸಿದ ‘ಫಿಲಾಸಫಿ ಆಫ್ ಮ್ಯಾನುಫ್ಯಾಕ್ಚರ್ಸ್’ ಪುಸ್ತಕದಲ್ಲಿ ಟೀಗಲ್ ಎಂಬ ಯಂತ್ರದ ವರ್ಣನೆಯಿದೆ. ಹಳಿಗಳ ನಡುವೆ ಪಂಜರ, ಉಗಿಯಂತ್ರದ ದಂಡದಿಂದ ಬರುವ ಪಟ್ಟಿ, ಇನ್ನೊಂದು ಬದಿಗೆ ಕೌಂಟರ್‌ವೇಟ್. ಬಾವಿಯ ರಾಟೆಗೆ ಒಂದೇ ಹಗ್ಗದ ಎರಡೂ ತುದಿಗೆ ಕೊಡ ಕಟ್ಟಿದಂತೆ, ಒಂದು ಇಳಿಯುವಾಗ ಇನ್ನೊಂದು ಹಗುರಾಗುವ ಉಪಾಯ. ನಡೆಸುವ ಹಗ್ಗ ಪಂಜರದ ಮೂಲಕ ಎಲ್ಲ ಅಂತಸ್ತುಗಳಿಗೂ ಹಾಯುತ್ತಿತ್ತು, ಹಾಗಾಗಿ ಎಲ್ಲಿದ್ದವರು ಬೇಕಾದರೂ ಜಗ್ಗಬಹುದಿತ್ತು. ಅನುಕೂಲವೂ ಅದೇ, ಅಪಾಯವೂ ಅದೇ. ಬ್ರಿಟನ್ನಿನ 1844ರ ಕಾರ್ಖಾನೆ ಕಾಯಿದೆ ಮಕ್ಕಳು ಓಡಾಡುವ ಕಡೆ ಟೀಗಲ್‌ಗೆ ಬೇಲಿ ಹಾಕಲೇಬೇಕೆಂದಿತು. ಆ ಗಿರಣಿಗಳಲ್ಲಿ ಮಕ್ಕಳು ದುಡಿಯುತ್ತಿದ್ದರೆಂಬುದನ್ನು ಕಾಯಿದೆ ಸಹಜವೆಂಬಂತೆ ಒಪ್ಪಿಕೊಂಡಿದೆ.

ನೀರಿನ ಒತ್ತಡ

ಬಂದರಿನ ಗೋದಾಮಿನ ಕಷ್ಟವೇ ಬೇರೆ. ಅಲ್ಲಿ ಎತ್ತುವ ಕೆಲಸ ದಿನವಿಡೀ ಇರುವುದಿಲ್ಲ. ಹಡಗು ಬಂದಾಗ ಎಲ್ಲ ಕಡೆ ಒಮ್ಮೆಲೇ ಬೇಕು, ಉಳಿದ ಹೊತ್ತು ಏನೂ ಬೇಡ. ಪ್ರತಿ ಬಾಗಿಲಿಗೊಂದು ಉಗಿಯಂತ್ರ ಇಟ್ಟು ಬೆಂಕಿ ಉರಿಸುತ್ತ ಕೂರಲಾಗದು. ಹತ್ತಿ, ತಂಬಾಕಿನ ನಡುವೆ ಬೆಂಕಿ ಇಡುವುದಂತೂ ಆಗದ ಮಾತು.

ಉತ್ತರ ಕೊಟ್ಟವನು ನ್ಯೂಕ್ಯಾಸಲ್‌ನ ವಿಲಿಯಂ ಆರ್ಮ್‌ಸ್ಟ್ರಾಂಗ್. ವೃತ್ತಿಯಿಂದ ವಕೀಲ, ಪ್ರವೃತ್ತಿಯಿಂದ ಎಂಜಿನಿಯರ್. 1846ರಲ್ಲಿ ಊರಿನ ನೀರು ಸರಬರಾಜಿನ ಒತ್ತಡದಿಂದಲೇ ನಡೆಯುವ ಕ್ರೇನನ್ನು ನದಿಯಂಚಿನ ಕಟ್ಟೆಯ ಮೇಲೆ ನಿಲ್ಲಿಸಿದ. ಲಿವರ್‌ಪೂಲ್ ಬಂದರಿನ ಮುಖ್ಯ ಎಂಜಿನಿಯರ್ ಜೆಸ್ಸಿ ಹಾರ್ಟ್ಲಿಗೆ ಇಂಥದ್ದರಲ್ಲಿ ನಂಬಿಕೆಯಿರಲಿಲ್ಲ. ಆತ ಹೇಳದೇ ಕೇಳದೇ ನೋಡಲು ಹೋದನೆಂದೂ, ಹೈಡ್ರಾಲಿಕ್ ಜಾಕ್ ಎಂದೇ ಅಡ್ಡಹೆಸರು ಪಡೆದಿದ್ದ ಕ್ರೇನ್ ಚಾಲಕ ಹೊರೆಯನ್ನು ಸರ್ರನೆ ಬೀಳಬಿಟ್ಟು ನಡುವೆ ಗಕ್ಕನೆ ನಿಲ್ಲಿಸಿ ತೋರಿಸಿದನೆಂದೂ ಕಥೆಯಿದೆ. ಹಾರ್ಟ್ಲಿ ಮನಸ್ಸು ಬದಲಿಸಿದ್ದಂತೂ ನಿಜ. ಕಬ್ಬಿಣ, ಇಟ್ಟಿಗೆ, ಕಲ್ಲಿನಿಂದಲೇ ಆತ ಕಟ್ಟಿದ್ದ ಆಲ್ಬರ್ಟ್ ಡಾಕ್ 1846ರಲ್ಲಿ ಉದ್ಘಾಟನೆಯಾಗಿತ್ತು. 1848ರಲ್ಲಿ ಅಲ್ಲಿನ ಗೋದಾಮುಗಳಿಗೆ ಜಲಶಕ್ತಿಯ ಸರಕು ಎತ್ತುಯಂತ್ರಗಳು ಬಂದವು. ಈ ಬಗೆಯವುಗಳಲ್ಲಿ ಜಗತ್ತಿನಲ್ಲೇ ಅವು ಮೊದಲನೆಯವು.

ಯಂತ್ರದ ರಚನೆ ಸರಳ. ಗೋಡೆಗೆ ಬಿಗಿದ ಸಿಲಿಂಡರಿನೊಳಗೆ ನೀರು ನುಗ್ಗಿ ಒಂದು ದಪ್ಪ ಕೊಂತವನ್ನು ಹೊರಕ್ಕೆ ತಳ್ಳುತ್ತದೆ. ಸಿಲಿಂಡರಿನ ಒಂದು ಕೊನೆಯಲ್ಲೂ ಕೊಂತದ ತುದಿಯಲ್ಲೂ ರಾಟೆಗಳ ಸಾಲು, ಅವುಗಳ ಸುತ್ತ ಹಲವು ಸುತ್ತು ಸರಪಳಿ. ಕೊಂತ ಒಂದು ಅಡಿ ಸರಿದರೆ ಸರಪಳಿಯ ತುದಿಯ ಹೊರೆ ಸುತ್ತುಗಳ ಲೆಕ್ಕದಲ್ಲಿ ಆರು, ಎಂಟು ಅಡಿ ಏರುತ್ತದೆ. ನಲ್ಲಿಯಂಥ ಒಂದು ಕವಾಟ ತಿರುಗಿಸಿದರೆ ಏರಿಕೆ, ಮುಚ್ಚಿದರೆ ನಿಂತಲ್ಲೇ ನಿಲುಗಡೆ. ನೀರನ್ನು ಅದುಮಿ ಕುಗ್ಗಿಸಲು ಬಾರದಾದ್ದರಿಂದ ಹೊರೆ ಕುಸಿಯುತ್ತಿರಲಿಲ್ಲ. ಮಹಡಿಯ ಮಟ್ಟಕ್ಕೆ ನಿಲ್ಲಿಸುವ ಕೆಲಸದಲ್ಲಿ ಮೊದಲ ವಿದ್ಯುತ್ ಮೋಟಾರುಗಳಿಗಿಂತ ಇದೇ ಮೇಲು.

ಊರಿನ ನಲ್ಲಿಯ ಒತ್ತಡ ಎಲ್ಲ ಕಡೆ ಸಾಲದು. ಗ್ರಿಮ್ಸ್‌ಬಿ ಬಂದರಿನಲ್ಲಿ 1852ರಲ್ಲಿ ಒತ್ತಡಕ್ಕಾಗಿಯೇ 309 ಅಡಿ ಎತ್ತರದ ನೀರಿನ ಗೋಪುರ ಕಟ್ಟಿದರು. ಅದು ಏಳುವಷ್ಟರಲ್ಲೇ ಆರ್ಮ್‌ಸ್ಟ್ರಾಂಗ್ ಗೋಪುರ ಬೇಡವಾಗುವ ದಾರಿ ಕಂಡುಕೊಂಡಿದ್ದ. ನೆಟ್ಟಗೆ ನಿಂತ ಸಿಲಿಂಡರಿನ ಕೊಂತದ ಮೇಲೆ ಕಲ್ಲು, ಕಬ್ಬಿಣ ತುಂಬಿದ ಭಾರಿ ತೊಟ್ಟಿ ಕೂರಿಸುವುದು. ಉಗಿ ಪಂಪು ನಿಧಾನವಾಗಿ ನೀರು ತುಂಬಿ ಅದನ್ನು ಮೇಲೆತ್ತುತ್ತಿರುವುದು. ಹಡಗು ಬಂದಾಗ ತೊಟ್ಟಿಯ ಭಾರ ನೀರನ್ನು ಚದರ ಇಂಚಿಗೆ 600 ಪೌಂಡ್‌ಗೂ ಮೀರಿದ ಒತ್ತಡದಲ್ಲಿ ಕೊಳವೆಗಳಿಗೆ ನೂಕುವುದು. ಶಕ್ತಿಯನ್ನು ಕೂಡಿಟ್ಟು ಬೇಕಾದಾಗ ಖರ್ಚು ಮಾಡುವ ವ್ಯವಸ್ಥೆ. ಲಂಡನ್ನಿನಲ್ಲಿ 1883ರಿಂದ ಒಂದು ಕಂಪನಿ ಬೀದಿಗಳಡಿ ಕೊಳವೆ ಹಾಕಿ ಒತ್ತಡದ ನೀರನ್ನೇ ಮಾರಿತು. ಜಾಲ ಸುಮಾರು 180 ಮೈಲಿಗೆ ಬೆಳೆದು, 1977ರವರೆಗೆ ನಡೆಯಿತು.

ಈ ಯಂತ್ರಗಳ ಕಾಲಕ್ಕೂ ಉತ್ತರ ಕರ್ನಾಟಕಕ್ಕೂ ಒಂದು ನಂಟಿದೆ. 1860ರ ದಶಕದ ಅಮೆರಿಕದ ಅಂತರ್ಯುದ್ಧದಿಂದ ಲಿವರ್‌ಪೂಲಿಗೆ ಅಮೆರಿಕದ ಹತ್ತಿ ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಘಟ್ಟ ಇಳಿದು ಕರಾವಳಿಯಿಂದ ಮುಂಬಯಿಗೆ ಹೋಗುತ್ತಿದ್ದ ಈ ಹತ್ತಿ ಲಿವರ್‌ಪೂಲ್ ಪೇಟೆಯಲ್ಲಿ ಧಾರವಾಡ, ಕುಮಟಾ ಎಂಬ ಹೆಸರುಗಳಿಂದಲೇ ವಿಕ್ರಿಯಾಗುತ್ತಿತ್ತು. ರೈತನ ಬಂಡಿಯಿಂದ ಅಲ್ಲಿನ ಗೋದಾಮಿನವರೆಗಿನ ಆ ದೂರದಲ್ಲಿ ಎತ್ತುವ ಯಂತ್ರ ಸಿಗುತ್ತಿದ್ದುದು ಬಹುತೇಕ ಕೊನೆಯ ಕೆಲವು ಅಡಿಗಳಿಗೆ. ಮಿಕ್ಕಿದ್ದೆಲ್ಲ ಹಮಾಲರ ಬೆನ್ನು.

ಹ್ಯಾಂಬರ್ಗಿನ ಸ್ಪೈಖರ್‌ಸ್ಟಾಟ್ ಇದೇ ಮಾದರಿಯ ಅತಿ ದೊಡ್ಡ ರೂಪ. 1888ರಲ್ಲಿ ಊರು ಜರ್ಮನ್ ಸುಂಕ ಒಕ್ಕೂಟಕ್ಕೆ ಸೇರುವಾಗ ಸುಂಕವಿಲ್ಲದೆ ಸರಕಿಡಲು ಪ್ರತ್ಯೇಕ ವಲಯ ಬೇಕಾಯಿತು. ಸುಮಾರು 20,000 ಜನರನ್ನು ಎಬ್ಬಿಸಿ, ಕಾಲುವೆಗಳ ನಡುವೆ ಕೆಂಪು ಇಟ್ಟಿಗೆಯ ಗೋದಾಮುಗಳ ಸಾಲನ್ನೇ ಕಟ್ಟಿದರು. ಕಾಫಿ, ಚಹಾ, ಸಂಬಾರ, ರತ್ನಗಂಬಳಿಗಳು ದೋಣಿಯಿಂದ ನೇರವಾಗಿ ಪ್ರತಿ ಮಹಡಿಯ ಬಾಗಿಲಿಗೆ ಹೊರಗೋಡೆಯ ಗುಂಟ ಏರುತ್ತಿದ್ದವು. ಒಳಗೆ ಲಿಫ್ಟಿನ ಬಾವಿ ಇದ್ದರೆ ಬೆಂಕಿಗೆ ಅದೇ ಹೊಗೆಗೂಡು ಆಗುತ್ತದೆಂಬ ಭಯ ಆ ಕಾಲದ ಗೋದಾಮಿನವರಿಗೆ ಸದಾ ಇದ್ದದ್ದೇ.

ಹಗ್ಗ ಹರಿದರೆ

ಮೂರನೆಯ ಪ್ರಶ್ನೆಗೆ ಉತ್ತರ ಬಂದದ್ದು ಮಂಚದ ಕಾರ್ಖಾನೆಯಿಂದ. ನ್ಯೂಯಾರ್ಕ್ ಬಳಿಯ ಯಾಂಕರ್ಸ್‌ನಲ್ಲಿ ಮೆಕ್ಯಾನಿಕ್ ಆಗಿದ್ದ ಎಲೀಶಾ ಓಟಿಸ್ 1852ರಲ್ಲಿ ಸರಕನ್ನು ಮೇಲ್ಮಹಡಿಗೆ ಸಾಗಿಸಲು ಒಂದು ಎತ್ತುಯಂತ್ರ ಮಾಡಿದ. ಹಗ್ಗವನ್ನು ಆತ ಹಲಗೆಗೆ ನೇರವಾಗಿ ಕಟ್ಟಲಿಲ್ಲ. ಹಲಗೆಯ ನೆತ್ತಿಯಲ್ಲಿ ಕುದುರೆಗಾಡಿಯ ಬಿಲ್ಲಿನಂಥ ಸ್ಪ್ರಿಂಗ್ ಕೂರಿಸಿ ಅದಕ್ಕೆ ಕಟ್ಟಿದ. ಹೊರೆಯ ಭಾರಕ್ಕೆ ಸ್ಪ್ರಿಂಗ್ ಬಾಗಿಯೇ ಇರುತ್ತದೆ. ಹಗ್ಗ ಹರಿದೊಡನೆ ಅದು ನೆಟ್ಟಗಾಗಿ, ಎರಡೂ ಬದಿಯ ಹಳಿಗಳಲ್ಲಿ ಕೊರೆದ ಹಲ್ಲುಗಳಿಗೆ ಕಬ್ಬಿಣದ ನಾಲಿಗೆಗಳು ಸಿಕ್ಕಿಕೊಂಡು ಹಲಗೆ ಅಲ್ಲೇ ನಿಲ್ಲುತ್ತದೆ.

1853ರಲ್ಲಿ ನ್ಯೂಯಾರ್ಕಿನ ಪೀಠೋಪಕರಣ ವ್ಯಾಪಾರಿ ಬೆಂಜಮಿನ್ ನ್ಯೂಹೌಸ್ ತಲಾ 300 ಡಾಲರಿಗೆ ಎರಡು ಕೊಂಡ. ಮರುವರ್ಷ ಅಲ್ಲಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಓಟಿಸ್ ಪೀಪಾಯಿ, ಪೆಟ್ಟಿಗೆಗಳ ಜತೆ ಹಲಗೆಯ ಮೇಲೆ ನಿಂತು, ಮೇಲಿನ ಹಗ್ಗ ಕಡಿಸಿದ. ಇಂದಿನ ಪ್ರಚಾರಚಿತ್ರಗಳಲ್ಲಿ ಈ ಘಟನೆ ಜನರ ಲಿಫ್ಟಿನ ಹುಟ್ಟೆಂದು ಮೆರೆಯುತ್ತದೆ, ಆದರೆ ಆತ ನಿಂತದ್ದು ಸರಕಿನ ಲಿಫ್ಟಿನ ಮೇಲೆ. ಜನರಿಗಾಗಿಯೇ ಮಾಡಿದ ಲಿಫ್ಟ್ ಬ್ರಾಡ್‌ವೇಯ ಹಾಗ್‌ವಟ್ ಅಂಗಡಿಗೆ ಬಂದದ್ದು 1857ರಲ್ಲಿ.

ಈ ಉಪಾಯದಲ್ಲಿ ಒಂದು ಕೊರತೆಯಿತ್ತು. ಗೇರು ಮುರಿದೋ ಬ್ರೇಕು ಜಾರಿಯೋ ಪಂಜರ ಧಾವಿಸಿ ಇಳಿಯತೊಡಗಿದರೆ ಹಗ್ಗ ಹರಿದಿರುವುದಿಲ್ಲ, ಬಿಗಿಯಾಗಿಯೇ ಇರಬಹುದು, ಸ್ಪ್ರಿಂಗಿಗೆ ಏನೂ ತಿಳಿಯುವುದಿಲ್ಲ. ಹಾಗಾಗಿ ಹಗ್ಗವನ್ನಲ್ಲ, ವೇಗವನ್ನೇ ಕಾಯುವ ಗವರ್ನರ್ ಮುಂದೆ ಬಂತು. ಮಿತಿ ಮೀರಿದೊಡನೆ ಅದು ಪಂಜರದಡಿಯ ಹಿಡಿಕೆಗಳು ಹಳಿಯನ್ನು ಕಚ್ಚುವಂತೆ ಮಾಡುತ್ತದೆ. ಈಗಿನ ಹಗ್ಗದ ಲಿಫ್ಟುಗಳೆಲ್ಲ ನೆಚ್ಚಿರುವುದು ಇದನ್ನೇ.

ವಿದ್ಯುತ್ತು, ರೈಲು, ಲಾರಿ

ವರ್ನರ್ ಫಾನ್ ಸೀಮೆನ್ಸ್ 1880ರಲ್ಲಿ ಮಾನ್‌ಹೈಮ್ ಪ್ರದರ್ಶನದಲ್ಲಿ ವಿದ್ಯುತ್ ಲಿಫ್ಟ್ ತೋರಿಸಿದ. ಮೋಟಾರು ಬಂದ ಮೇಲೆ ಲಿಫ್ಟ್ ಯಾವ ಕಟ್ಟಡದಲ್ಲಾದರೂ ಇರಬಹುದಾಯಿತು, ಎಷ್ಟು ಬೇಕಾದರೂ ಇರಬಹುದಾಯಿತು.

ಅದರ ಪರಾಕಾಷ್ಠೆ ನ್ಯೂಯಾರ್ಕಿನ ಬ್ರೂಕ್ಲಿನ್ ಆರ್ಮಿ ಟರ್ಮಿನಲ್. ವುಲ್‌ವರ್ತ್ ಗಗನಚುಂಬಿಯ ವಾಸ್ತುಶಿಲ್ಪಿ ಕ್ಯಾಸ್ ಗಿಲ್ಬರ್ಟ್ ರೂಪಿಸಿದ ಈ ಸೇನಾ ಉಗ್ರಾಣವನ್ನು 1918ರಲ್ಲಿ ಆರಂಭಿಸಿ ಮರುವರ್ಷವೇ ಮುಗಿಸಿದರು. ಗುಂಡಿ ಒತ್ತಿ ನಡೆಸುವ, ಒಂದೇ ಕೇಂದ್ರದಿಂದ ನಿಯಂತ್ರಿಸುವ 96 ಲಿಫ್ಟುಗಳು ಅಲ್ಲಿದ್ದವು. ಒಂದೇ ಕಡೆ ಅಷ್ಟು ಲಿಫ್ಟುಗಳು ಅಲ್ಲಿಯವರೆಗೆ ಎಲ್ಲೂ ಇರಲಿಲ್ಲ. ಆದರೂ ಅಲ್ಲಿ ಕಣ್ಣಿಗೆ ಕಟ್ಟುವುದು ಲಿಫ್ಟಲ್ಲ, ನಡುವಿನ ಹಜಾರ. ರೈಲು ಕಟ್ಟಡದ ಒಳಗೇ ಬರುತ್ತಿತ್ತು. ಎರಡೂ ಗೋಡೆಗಳಿಂದ ಕಾಂಕ್ರೀಟಿನ ಬಾಲ್ಕನಿಗಳು ಒಂದರ ನೇರಕ್ಕೆ ಇನ್ನೊಂದು ಬಾರದಂತೆ ಓರೆಯಾಗಿ ಚಾಚಿವೆ. ಮೇಲೆ ಓಡಾಡುವ ಕ್ರೇನು ಬೋಗಿಯಿಂದ ಹೊರೆಯನ್ನೆತ್ತಿ ಯಾವ ಅಂತಸ್ತಿನ ಬಾಲ್ಕನಿಗಾದರೂ ಅಡ್ಡಿಯಿಲ್ಲದೆ ಇಳಿಸಬಹುದಿತ್ತು. 96 ಲಿಫ್ಟುಗಳಿದ್ದರೂ ಕ್ರೇನು ಬೇಕಾಯಿತೆಂದರೆ, ತುಂಬಿ ಇಳಿಸುವ ಹೊತ್ತು ಎಷ್ಟು ದುಬಾರಿಯೆಂದು ಲೆಕ್ಕ ಹಾಕಬಹುದು.

1931ರ ಸ್ಟಾರೆಟ್–ಲೀಹೈ ಕಟ್ಟಡ ಇನ್ನೂ ಮುಂದೆ ಹೋಗಿ, ಲಾರಿಯನ್ನೇ ಲಿಫ್ಟಿನಲ್ಲಿ ಮೇಲಕ್ಕೆ ಒಯ್ದಿತು. ಮ್ಯಾನ್‌ಹಟನ್ನಿನ ಈ 19 ಮಹಡಿಗಳ ಕಟ್ಟಡದಲ್ಲಿ ಸರಕನ್ನು ಇಳಿಸಿ ಮತ್ತೆ ಏರಿಸುವ ತಾಪತ್ರಯ ಬೇಡವೆಂಬುದು ಯೋಚನೆ.

ಸರಕು ಲಿಫ್ಟಿನ ಬಾಗಿಲೂ ಜನರ ಲಿಫ್ಟಿನದರಂತಲ್ಲ. ಭಾರಿ ಲಿಫ್ಟುಗಳಲ್ಲಿ ಅದು ಅಡ್ಡಲಾಗಿ ಸೀಳಿರುತ್ತದೆ. ಮೇಲರ್ಧ ಮೇಲಕ್ಕೂ ಕೆಳಗರ್ಧ ಕೆಳಕ್ಕೂ ಸರಿದು, ಕೆಳಗಿನ ತುಂಡಿನ ಅಂಚೇ ಟ್ರಾಲಿಯ ಚಕ್ರಕ್ಕೆ ಸೇತುವೆಯಾಗುತ್ತದೆ. ಫೋರ್ಕ್‌ಲಿಫ್ಟ್ ಒಳಗೆ ನುಗ್ಗುವ ಕ್ಷಣದಲ್ಲಿ ಅದರ ಮುಂದಿನ ಅಚ್ಚಿನ ಭಾರವೆಲ್ಲ ಪಂಜರದ ಹೊಸ್ತಿಲ ಮೇಲೆ ಬಿದ್ದು ಪಂಜರವೇ ಓಲುತ್ತದೆ. ಹಾಗಾಗಿ ಅಮೆರಿಕದ ಲಿಫ್ಟ್ ಸಂಹಿತೆ ಒಟ್ಟು ತೂಕವೊಂದನ್ನೇ ನೋಡದೆ, ತುಂಬುವ ಬಗೆಯನ್ನು ನೋಡಿ ವರ್ಗ ಮಾಡುತ್ತದೆ. ಕೈಗಾಡಿಯಲ್ಲಿ ತುಂಬುವ ಎ ವರ್ಗದ ಲಿಫ್ಟಿನಲ್ಲಿ ಯಾವ ಒಂದು ಹೊರೆಯೂ ಒಟ್ಟು ಸಾಮರ್ಥ್ಯದ ಕಾಲುಭಾಗ ಮೀರುವಂತಿಲ್ಲ.

ನೆಲಕ್ಕಿಳಿದ ಗೋದಾಮು

ಎರಡನೆಯ ಮಹಾಯುದ್ಧದಲ್ಲಿ ಫೋರ್ಕ್‌ಲಿಫ್ಟ್ ಮತ್ತು ಪ್ಯಾಲೆಟ್ ಎಲ್ಲೆಡೆ ಹಬ್ಬಿದವು. ಸರಕನ್ನು ನೆಲದಿಂದಲೇ ಹಲವು ಮೀಟರ್ ಎತ್ತರಕ್ಕೆ ಪೇರಿಸಬಹುದಾದಾಗ ಮಹಡಿಗಳೇಕೆ? ಗೋದಾಮುಗಳು ಊರಾಚೆಯ ಅಗ್ಗದ ಜಾಗಕ್ಕೆ ಹೋಗಿ ಒಂದೇ ಅಂತಸ್ತಿನಲ್ಲಿ ಹರಡಿಕೊಂಡವು. ಆಲ್ಬರ್ಟ್ ಡಾಕ್ 1972ರಲ್ಲಿ ಮುಚ್ಚಿ, 1988ರಲ್ಲಿ ಅಲ್ಲಿ ಟೇಟ್ ಕಲಾಸಂಗ್ರಹಾಲಯದ ಶಾಖೆ ತೆರೆಯಿತು. ಇತ್ತ ಜರ್ಮನಿಯ ಗ್ಯೂಟರ್ಸ್‌ಲೋದಲ್ಲಿ ಪ್ರಕಾಶನ ಸಂಸ್ಥೆ ಬರ್ಟೆಲ್ಸ್‌ಮನ್‌ಗಾಗಿ ಡೆಮಾಗ್ ಕಂಪನಿ 1962ರಲ್ಲಿ ಸುಮಾರು 20 ಮೀಟರ್ ಎತ್ತರದ ಕಪಾಟುಗಳ ಗೋದಾಮು ಕಟ್ಟಿತು. ಕಪಾಟಿನ ಸಾಲುಗಳ ನಡುವೆ ಕಂಬದಂಥ ಕ್ರೇನು ಉದ್ದಕ್ಕೂ ಎತ್ತರಕ್ಕೂ ಚಲಿಸಿ ಪುಸ್ತಕಗಳನ್ನು ಇಡುತ್ತಿತ್ತು, ತೆಗೆಯುತ್ತಿತ್ತು. ಅಲ್ಲಿ ಲಿಫ್ಟಿಗೂ ಕಪಾಟಿಗೂ ಭೇದವೇ ಉಳಿಯಲಿಲ್ಲ.

ಜಾಗ ಸಿಗದ ಕಡೆ ಮಹಡಿ ಉಳಿದೇ ಇತ್ತು. ಹಾಂಗ್‌ಕಾಂಗ್, ಸಿಂಗಪುರ, ಟೋಕಿಯೋಗಳಲ್ಲಿ ಲಾರಿ ತಾನೇ ರ‍್ಯಾಂಪಿನಲ್ಲಿ ಮೇಲೇರುವ ಗೋದಾಮುಗಳು ಬಂದವು. ಮನೆಬಾಗಿಲಿಗೆ ಬೇಗ ತಲುಪಿಸುವ ವ್ಯಾಪಾರ ಬೆಳೆದಂತೆ ಅಮೆರಿಕಕ್ಕೂ ಇದೇ ಬಂತು. 2018ರಲ್ಲಿ ಸಿಯಾಟಲ್‌ನಲ್ಲಿ ಪ್ರೊಲಾಜಿಸ್ ಕಟ್ಟಿದ ಮೂರಂತಸ್ತಿನ ಗೋದಾಮಿನಲ್ಲಿ ಕೆಳಗಿನ ಎರಡಕ್ಕೆ ಲಾರಿ ಹೋಗುತ್ತದೆ, ಮೂರನೆಯದಕ್ಕೆ ಸರಕು ಲಿಫ್ಟೇ ಗತಿ.

ಕರ್ನಾಟಕದ ಎಪಿಎಂಸಿ ಯಾರ್ಡುಗಳ ಗೋದಾಮು ಹೆಚ್ಚಾಗಿ ಒಂದೇ ಅಂತಸ್ತಿನದು, ಮೂಟೆ ಪೇರಿಸುವವರು ಹಮಾಲರು. ಸರಕು ಲಿಫ್ಟ್ ಕಾಣುವುದು ಕಾರ್ಖಾನೆಗಳಲ್ಲಿ, ಬೆಂಗಳೂರಿನ ಚಿಕ್ಕಪೇಟೆಯಂಥ ಇಕ್ಕಟ್ಟಿನ ಪೇಟೆಗಳಲ್ಲಿ. 2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯಿದೆಯ 28ನೆಯ ಕಲಮು ಆರು ತಿಂಗಳಿಗೊಮ್ಮೆಯಾದರೂ ಪರಿಣತರಿಂದ ತಪಾಸಣೆ, ಬಾವಿಗೆ ಸುತ್ತ ಆವರಣ, ಎಷ್ಟು ತೂಕ ಹೊರಬಲ್ಲುದೆಂಬ ಬರಹವನ್ನು ಕಡ್ಡಾಯ ಮಾಡಿತ್ತು. ಜನರನ್ನು ಒಯ್ಯುವ ಪಂಜರಕ್ಕಾದರೆ ಹಗ್ಗ ಎರಡಾದರೂ ಇರಬೇಕಿತ್ತು. ರಾಜ್ಯದ್ದೇ ಆದ 2012ರ ಲಿಫ್ಟ್ ಕಾಯಿದೆಯೂ ಇದೆ.

ಜನರು ಏರುವುದನ್ನೇ ನಿಷೇಧಿಸಿದ ಯಂತ್ರವೂ ಈಗ ಬಳಕೆಯಲ್ಲಿದೆ. ಎರಡು ಕಂಬಗಳ ನಡುವೆ ಮೇಲೆ ಕೆಳಗೆ ಓಡಾಡುವ ಈ ತೊಟ್ಟಿಲನ್ನು ಅಮೆರಿಕದ ನಿಯಮಗಳು ಲಿಫ್ಟೆಂದು ಕರೆಯದೆ ಕನ್ವೇಯರ್‌ಗಳ ಸಾಲಿಗೆ ಸೇರಿಸಿವೆ. ಒಳಗೆ ಮನುಷ್ಯ ಇರುವುದಿಲ್ಲವಾದ್ದರಿಂದ ಒಳಗಡೆ ಗುಂಡಿಯೂ ಇಲ್ಲ. ಕರೆಯುವವನೂ ಕಳಿಸುವವನೂ ಬಾಗಿಲ ಹೊರಗೇ ನಿಂತು ಒತ್ತಬೇಕು.