ಶ್ವಾಸಕೋಶದ ಕ್ಯಾನ್ಸರೇತರ ಗಂಟುಗಳು

ಸ್ತನ, ಥೈರಾಯ್ಡ್, ಮೂತ್ರಪಿಂಡ, ಕರುಳು ಮೊದಲಾದ ಅಂಗಗಳ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದಾಗ ಎಕ್ಸ್‌ರೇಯಲ್ಲಿ ದುಂಡನೆಯ ನೆರಳುಗಳು ಕಾಣುತ್ತವೆ. ಕ್ಯಾನ್ಸರ್ ಅಲ್ಲದ ಹಲವು ಕಾಯಿಲೆಗಳೂ ಇಂಥದೇ ನೆರಳು ಬೀಳಿಸುತ್ತವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ರೋಗಿಯ ಎದೆ ಫೋಟೋದಲ್ಲಿ ಇಂಥ ಗಂಟು ಕಂಡರೆ, ಭಾರತದ ಬೇರೆಡೆಗಳಂತೆಯೇ, ಮೊದಲು ನೆನೆಯಬೇಕಾದದ್ದು ಕ್ಷಯ.

ಕ್ಷಯದ ಒಂದು ಬಗೆಯಲ್ಲಿ 1ರಿಂದ 3 ಮಿ.ಮೀ. ಗಾತ್ರದ ಚುಕ್ಕೆಗಳು ಎರಡೂ ಶ್ವಾಸಕೋಶಗಳ ತುಂಬ ಹರಡುತ್ತವೆ. ಯುರೋಪಿನವರಿಗೆ ಇದು ಕಿರುಧಾನ್ಯದ ಕಾಳಿನಂತೆ ಕಂಡು ‘ಮಿಲಿಯರಿ’ ಎಂಬ ಹೆಸರು ಬಂತು; ಮುದ್ದೆಯ ಸೀಮೆಯವರು ರಾಗಿ ಚೆಲ್ಲಿದಂತೆ ಎಂದರೆ ಸಾಕು. ಥೈರಾಯ್ಡ್ ಕ್ಯಾನ್ಸರ್ ಹರಡಿದಾಗಲೂ ಚಿತ್ರ ಹೀಗೇ ಇರಬಹುದು. ಮಿಲಿಯರಿ ಕ್ಷಯದಲ್ಲಿ ಕಫದ ಪರೀಕ್ಷೆ ಎಷ್ಟೋ ಸಲ ಏನನ್ನೂ ತೋರಿಸದೆ ಹೋಗುವುದು ಇನ್ನೊಂದು ತೊಡಕು. ದುಬಾರಿ ಪೆಟ್ ಸ್ಕ್ಯಾನ್ ಕೂಡ ಇಲ್ಲಿ ಪೂರ್ತಿ ನೆರವಾಗದು: ಸಕ್ಕರೆಯನ್ನು ಹೀರಿ ಹೊಳೆಯುವುದರಲ್ಲಿ ಕ್ಷಯದ ಗಂಟೂ ಕ್ಯಾನ್ಸರಿನದೂ ಒಂದೇ. ಕ್ಷಯವನ್ನು ಕ್ಯಾನ್ಸರೆಂದು ತಿಳಿಯುವಂತೆಯೇ ತಪ್ಪು ಹಿಮ್ಮುಖವಾಗಿಯೂ ಆಗುತ್ತದೆ. ಕ್ಯಾನ್ಸರನ್ನೇ ಟಿ.ಬಿ. ಎಂದು ತಿಳಿದು ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದು ಇದಕ್ಕಿಂತ ಕೆಟ್ಟದ್ದು.

ಕಸುಬನ್ನು ಕೇಳದೆ ಫೋಟೋ ಓದುವುದು ಅರ್ಧ ಓದು. ಕಲ್ಲು ಕೊರೆಯುವ, ಒಡೆಯುವ ಕೆಲಸಗಾರರಿಗೆ ಸಿಲಿಕಾ ದೂಳಿನಿಂದ ಬರುವ ಸಿಲಿಕೋಸಿಸ್ ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ ಸಣ್ಣ ಗಂಟುಗಳನ್ನು ಕಟ್ಟುತ್ತದೆ. ಅದು ಕ್ಷಯವನ್ನೂ ಕರೆತರಬಹುದು. ಬೂಸಲು ಹಿಡಿದ ಹುಲ್ಲನ್ನು ಕೆದರುವ ರೈತರಲ್ಲಿ ಅಲರ್ಜಿಯಿಂದ ಮಬ್ಬು ಚುಕ್ಕೆಗಳು ಮೂಡುವುದುಂಟು. ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಹೊಗೆಸೊಪ್ಪಿನ ಹರಾಜಿಗೆ ಹೆಸರಾದ ಊರು. ಆದರೆ ಗಂಟು ಕ್ಯಾನ್ಸರಿನದೇ ಎಂದು ಅಳೆಯುವಾಗ ಎಷ್ಟು ಎಕರೆ ಬೆಳೆದಿರಿ ಎಂಬುದಕ್ಕಿಂತ ದಿನಕ್ಕೆ ಎಷ್ಟು ಬೀಡಿ ಸೇದಿದಿರಿ ಎಂಬ ಪ್ರಶ್ನೆಗೇ ತೂಕ ಜಾಸ್ತಿ.

ಕುರಿ ಮತ್ತು ನಾಯಿಗಳ ನಡುವೆ ಸುತ್ತುವ ಲಾಡಿಹುಳುವಿನ ಮರಿ ಮನುಷ್ಯನ ಶ್ವಾಸಕೋಶ ಸೇರಿದರೆ ನೀರು ತುಂಬಿದ ಹೈಡಾಟಿಡ್ ಚೀಲವಾಗುತ್ತದೆ. ಇದನ್ನು ಕ್ಯಾನ್ಸರ್ ಗಂಟೆಂದು ಸೂಜಿಯಿಂದ ಚುಚ್ಚಿದರೆ ಒಳಗಿನ ದ್ರವ ಸೋರಿ ಜೀವಕ್ಕೇ ಅಪಾಯವಾದೀತು. ಹ್ಯಾಮಾರ್ಟೋಮಾ ಎಂಬ ನಿರಪಾಯಕಾರಿ ಗಂಟು ಮಾತ್ರ ಸಿ.ಟಿ.ಯಲ್ಲಿ ಕೊಬ್ಬು ತೋರಿಸಿ, ಕೆಲವೊಮ್ಮೆ ಜೋಳದ ಅರಳಿನಂಥ ಸುಣ್ಣದ ಗುರುತಿನಿಂದ, ತನ್ನನ್ನು ತಾನೇ ಬಿಟ್ಟುಕೊಡುತ್ತದೆ. ಸಾರ್ಕಾಯ್ಡೋಸಿಸ್, ಶಿಲೀಂಧ್ರದ ಸೋಂಕು, ಸಂಧಿವಾತದ ಗಂಟುಗಳೂ ಇದೇ ಸಾಲಿನವು.

ಅನುಮಾನ ಉಳಿದಾಗ ತೀರ್ಮಾನ ಹೇಳುವುದು ಬಯಾಪ್ಸಿ. ತೆಗೆದ ತುಣುಕಿನಲ್ಲಿ ಕ್ಯಾನ್ಸರ್ ಕೋಶಗಳನ್ನು ಹುಡುಕುವುದರ ಜತೆಗೆ ಕ್ಷಯದ ಪರೀಕ್ಷೆಗೂ ಒಂದು ಪಾಲು ಕಳಿಸಬೇಕು. ಫಾರ್ಮಲಿನ್‌ನಲ್ಲಿ ಮುಳುಗಿಸಿದ ತುಣುಕಿನಿಂದ ಕ್ಷಯಾಣುವನ್ನು ಬೆಳೆಸಲಾಗದು. ಇಷ್ಟೆಲ್ಲಕ್ಕೂ ಮುಂಚೆ ಬೇಕಾದ, ಖರ್ಚಿಲ್ಲದ ಸಾಕ್ಷಿಯೆಂದರೆ ಹಳೆಯ ಫಿಲ್ಮು. ಗಟ್ಟಿ ಗಂಟೊಂದು ಎರಡು ವರ್ಷ ಬೆಳೆಯದೆ ಇದ್ದರೆ ಅದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ತಾಲ್ಲೂಕು ಆಸ್ಪತ್ರೆಯಿಂದ ಹಾಸನದ ಹಿಮ್ಸ್ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರು ಹೊಸ ರಿಪೋರ್ಟುಗಳನ್ನಷ್ಟೇ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಬೇಕಾದ ಫಿಲ್ಮು ಮನೆಯ ಅಟ್ಟದ ಮೇಲೆ ಉಳಿದಿರುತ್ತದೆ.